ಏಳು ಗಂಟೆಯ ವಾರ್ತೆ, ಉಪ್ಪಿಲ್ಲದ ಉಪ್ಸಾರು

ಮದ್ದೂರಿನ ಕೇಬಲ್ ಚಾನಲ್‌ನಲ್ಲಿ ದಿನಾ ಸಂಜೆ ಏಳಕ್ಕೆ ವಾರ್ತೆ ಓದುವ ಚಲುವರಾಜುವಿನ ಕೊರಗು ಒಂದೇ: ಊರಿಗೆಲ್ಲ ಸುದ್ದಿ ಹೇಳಿದರೂ, ಕಟ್ಟಿಕೊಂಡ ಹೆಂಡತಿ ಅಂಕಮ್ಮನೇ ತನ್ನ ಮುಖ ನೋಡುವುದಿಲ್ಲ. ಅದೇ ಹೊತ್ತಿಗೆ ಅವಳ ಧಾರಾವಾಹಿ. (ಅದರಲ್ಲಿ ಅತ್ತೆ ಸೊಸೆಗೆ ವಿಷ ಕುಡಿಸಲು ಯುಗಾದಿಯಲ್ಲಿ ಎತ್ತಿದ ಲೋಟವನ್ನು ದೀಪಾವಳಿ ಬಂದರೂ ಇಳಿಸಿಲ್ಲ.)

"ಸುದ್ದಿಯೆಲ್ಲ ಮಧ್ಯಾನ್ನವೇ ಫೋನ್ಗೆ ಬಂದ್ಬುಟ್ಟಿರ್ತದೆ ಕಣಯ್ಯ. ಅಳಸೋಗಿದ್ದನ್ನ ನೀನು ಸಂಜೆ ಬಿಸಿ ಮಾಡ್ಕೊಟ್ರೆ ಯಾರ್ ಉಣ್ತಾರೆ?" ಎನ್ನುವುದು ಅವಳ ವಾದ.

ಚಾನಲ್ ಮಾಲೀಕ ಜಕೀವುಲ್ಲಾನೂ ಕೈಚೆಲ್ಲಿದ್ದ. "ನೋಡೋರೇ ಇಲ್ಲ ಕಣ್ಲಾ. ಇದೊಂದ್ ವಾರ ಓದು, ಆಮೇಕೆ ನಿಲ್ಲಿಸ್ಬುಡನ."

ಚಲುವರಾಜು ವಾರ್ತೆಗೆಂದೇ ಹೊಲಿಸಿದ್ದ ಕೋಟನ್ನು ಸವರಿಕೊಂಡ. ವಾರ್ತೆಯೇ ಹೋದರೆ ಆ ಕೋಟು ಹಾಕಿಕೊಂಡು ಎಲ್ಲಿಗೆ ಹೋಗುವುದು, ಕಬ್ಬಿನ ಗದ್ದೆಗೇ?

ನೋಡುವವರೇ ಇಲ್ಲದ ಮೇಲೆ ಹೆದರಿಕೆಯಾದರೂ ಏಕೆ! ಅಂದು ಸಂಜೆ ನಾಲೆಯ ಹೂಳು, ಬಸ್ಸಿನ ಗೋಳು ಓದಿ ಮುಗಿಸಿದವನೇ ಗಂಟಲು ಸರಿಮಾಡಿಕೊಂಡು ಹೊಟ್ಟೆಯ ಕಿಚ್ಚನ್ನೂ ಓದಿಬಿಟ್ಟ: "ವಾರ್ತಾವಾಚಕರ ನಿವಾಸದಲ್ಲಿ ಉಪ್ಪಿಲ್ಲದ ಉಪ್ಸಾರು. ಧಾರಾವಾಹಿಯ ವ್ಯಾಮೋಹವೇ ಕಾರಣವೆಂದು ಬಲ್ಲ ಮೂಲಗಳು ತಿಳಿಸಿವೆ. ಗೃಹಸ್ಥರಿಂದ ಉಗ್ರ ಖಂಡನೆ."

ಧಾರಾವಾಹಿಯ ನಡುವೆ ಜಾಹೀರಾತು ಬರುತ್ತದೆ, ಆಗ ರಿಮೋಟು ಹಿಡಿದ ಕೈ ಸುಮ್ಮನಿರುವುದಿಲ್ಲ ಎಂಬುದು ಪಾಪ, ಅವನಿಗೆ ಹೊಳೆದಿರಲಿಲ್ಲ. ಮನೆ ಮುಟ್ಟುವಷ್ಟರಲ್ಲಿ ಬೀದಿಗೆ ಬೀದಿಯೇ ಜಗುಲಿಗೆ ಬಂದು, "ಏನಣ್ಣಾ, ವಸಿ ಉಪ್ಪು ಕೊಡನಾ?" ಎನ್ನುತ್ತಿತ್ತು. ಅಂಕಮ್ಮ ಮಾತ್ರ ನಗುತ್ತಲೇ ಊಟಕ್ಕೆ ಬಡಿಸಿದಳು. (ಅದೇ ಭಯ.)

ಮರುದಿನ ವಾರ್ತೆಯ ಹೊತ್ತಿಗೆ ಅವಳು ಮುದ್ದೆ, ಸಾರಿನ ಪಾತ್ರೆ ಹಿಡಿದು ಸೀದಾ ಸ್ಟುಡಿಯೋಗೇ ನುಗ್ಗಿದಳು.

"ಉಣ್ಣಯ್ಯ. ಉಪ್ಪು ಅದೋ ಇಲ್ವೋ, ಕ್ಯಾಮ್ರಾ ನೋಡ್ಕಂಡು ಹೇಳ್ಬುಡು."

ಅವನು ನುಂಗಿದ. "ಅದೆ... ಅದೆ ಕಣಮ್ಮಿ."

"ಕೇಳುಸ್ಕಂಡ್ರಾ?" ಎಂದು ಊರನ್ನೇ ವಿಚಾರಿಸಿ, ಅವನನ್ನೆಬ್ಬಿಸಿ ಕುರ್ಚಿಯಲ್ಲಿ ತಾನೇ ಕೂತಳು. ಅಷ್ಟರಲ್ಲಿ ಸ್ಟುಡಿಯೋದ ಫೋನು ಬಡಿದುಕೊಳ್ಳತೊಡಗಿತು. ಹಿಂದಿನ ಬೀದಿಯ ಚಿಕ್ಕಬೋರಮ್ಮ, "ಅಕ್ಕಾ, ನಮ್ ನಲ್ಲೀಲಿ ನೀರು ಕಂಡು ಎಷ್ಟೋ ದಿನ ಆಯ್ತು, ಅದ್ನೂ ವಸಿ ಕೇಳಕ್ಕಾ" ಎಂದಳು. ಅಂಕಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ನೀರು ಬಿಡುವವನನ್ನು ಹೆಸರು ಹಿಡಿದೇ ಕೇಳಿದಳು. ಬೆಳಗಾಗುವುದರೊಳಗೆ ನಲ್ಲಿ ಭೋರ್ಗರೆಯಿತು!

ಜಕೀವುಲ್ಲಾ ಕುಣಿದಾಡಿಬಿಟ್ಟ. "ಫೋನ್ಗೆ ಬರೋ ಸುದ್ದೀಲಿ ಇಂಗೆ ಕೇಳೋರು ಯಾರವ್ರೆ? ವಾರ್ತೆ ನಿಲ್ಸಾಕಿಲ್ಲ ಕಣ್ಲಾ! ಇವತ್ತಿಂದ ಅಕ್ಕನೇ ಓದ್ಲಿ."

ಸದ್ಯ, ವಾರ್ತೆ ಉಳಿಯಿತಲ್ಲ ಎಂದು ಚಲುವರಾಜುವಿಗೆ ನಿಜವಾಗಿಯೂ ಕಣ್ಣು ತುಂಬಿ ಬಂತು. "ಮತ್ತೆ ನಾನು?" ಎಂದ.

ಅದಕ್ಕೆ ಉತ್ತರ ಸಂಜೆ ಟೀವಿಯಲ್ಲೇ ಬಂತು. ಮನೆಯಲ್ಲಿ ಕಾಲು ಚಾಚಿ ಕೂತಿದ್ದವನ ಎದುರು ಅಂಕಮ್ಮ ಅವನದೇ ಕೋಟು ತೊಟ್ಟು ಮೊದಲ ಮುಖ್ಯಾಂಶ ಓದಿದಳು: "ಇವತ್ತು ನಮ್ಮನೇಲಿ ಉಪ್ಸಾರು ಮಾಡ್ತಾ ಇರೋದು ಚಲುವರಾಜು. ರುಚಿ ನೋಡಕ್ಕೆ ಬೀದಿಯೋರೆಲ್ಲ ಬನ್ನಿ."

ಅವನು ಒಲೆ ಹಚ್ಚಲು ಏಳುವಷ್ಟರಲ್ಲೇ ಬಾಗಿಲಲ್ಲಿ ತಟ್ಟೆಗಳ ಸದ್ದು ಕೇಳಿಸಿತು.