ಹುಬ್ಬಿಗಾಗಿ ಹುಬ್ಬಳ್ಳಿಗೆ

ಹಳಿಯಾಳ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಖಾನಾವಳಿ ನಡೆಸುವ ಶಾಂತಾದೇವಿ ಒಂದು ಬೆಳಗ್ಗೆ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು, ಗಂಡ, ಅತ್ತೆ ಮತ್ತು ಅಡುಗೆಯ ಮಾಲವ್ವ ಮೂವರನ್ನೂ ಎದುರಿಗೆ ನಿಲ್ಲಿಸಿಕೊಂಡು ಒಂದು ಘೋಷಣೆ ಹೊರಡಿಸಿದಳು.

"ಸಿದ್ದಲಿಂಗನ ನಿಶ್ಚಯಕ್ಕ ಮುಂಡಗೋಡಕ್ಕ ಹೋಗೂದು ಈ ಮುಖ ಅಲ್ಲ. ಬ್ಯಾರೇ ಮುಖ."

"ಯಾರದವಾ ಅದು?" ಎಂದಳು ಅತ್ತೆ ಶಂಕ್ರವ್ವ.

ಈ ಘೋಷಣೆಗೆ ಕಾರಣ ಹಿಂದಿನ ವಾರ ಮುಂಡಗೋಡದಲ್ಲೇ ಹುಟ್ಟಿತ್ತು. ಮಗ ಸಿದ್ದಲಿಂಗನಿಗೆ ಹೆಣ್ಣು ನೋಡಲು ಮನೆಮಂದಿಯೆಲ್ಲ ಹೋಗಿದ್ದರು. ಹೆಣ್ಣು ಚೆಂದ, ಮನೆ ಚೆಂದ, ಕೊಟ್ಟ ಉಪ್ಪಿಟ್ಟೂ ಚೆಂದ. ಎಲ್ಲಕ್ಕಿಂತ ಚೆಂದ ಹೆಣ್ಣಿನ ತಾಯಿ ಸುಮಿತಾ. ಕೆನ್ನೆ ಬಿಗಿಯಾಗಿ ನಿಂತಿತ್ತು, ಹುಬ್ಬುಗಳು ಕಲಾವಿದ ಕೂತು ತೀಡಿದಂತಿದ್ದವು. ಶಾಂತಾದೇವಿ ಅವಳನ್ನು ಹೆಣ್ಣಿನ ಅಕ್ಕ ಎಂದುಕೊಂಡು, ನಿಮ್ಮ ಅವ್ವಾರು ಕಾಣಲಿಲ್ಲವಲ್ಲ ಎಂದು ಅವಳನ್ನೇ ಕೇಳಿಬಿಟ್ಟಿದ್ದಳು. ಅದಾದರೂ ಹೋಗಲಿ. ಹೆಣ್ಣಿನ ಸೋದರಮಾವ ಶೇಖಪ್ಪ ಬಹಳ ಮರ್ಯಾದಸ್ಥ ಮನುಷ್ಯ. ಕುರ್ಚಿ ಜೋಡಿಸುತ್ತಿದ್ದವನು ಶಾಂತಾದೇವಿಯನ್ನೂ ಎಂಬತ್ತು ದಾಟಿದ ಶಂಕ್ರವ್ವನನ್ನೂ ಒಮ್ಮೆ ನೋಡಿ, "ಅಜ್ಜ್ಯಾರ್ನ ಇಬ್ಬರನ್ನೂ ಒಂದ ಕಡೆ ಕೂಡಸ್ರಿ, ಗಾಳಿ ಬರೂ ಕಡೆ" ಎಂದಿದ್ದ.

ಗಾಳಿ ಚೆನ್ನಾಗಿಯೇ ಬಂತು. ಶಾಂತಾದೇವಿಯ ಹೊಟ್ಟೆಯಲ್ಲಿ ಹತ್ತಿದ ಬೆಂಕಿ ಆ ಗಾಳಿಗೆ ಇನ್ನಷ್ಟು ಧಗಧಗಿಸಿತು.

ಹಾಗೆ ನೋಡಿದರೆ ಶೇಖಪ್ಪನದು ತಪ್ಪಲ್ಲ. ಐವತ್ತೆರಡರ ಶಾಂತಾದೇವಿ ಅರ್ಧ ಆಯುಷ್ಯವನ್ನು ರೊಟ್ಟಿಯ ಒಲೆಯ ಮುಂದೆ ಕಳೆದವಳು. ಅವಳ ರೊಟ್ಟಿಗಾಗಿ ದಾಂಡೇಲಿಯ ಕಡೆ ಹೋಗುವ ಲಾರಿಗಳು ಓಣಿಯ ತುದಿಯಲ್ಲಿ ನಿಲ್ಲುತ್ತಿದ್ದವು. ಆ ಕೀರ್ತಿಗೆ ತೆತ್ತ ಬೆಲೆಯೆಂದರೆ ಹುಬ್ಬು. ಒಂದೊಂದೇ ಕೂದಲು ಒಲೆಯ ಝಳಕ್ಕೆ ಸುಟ್ಟು, ಕೊನೆಗೆ ಹುಬ್ಬಿನ ಜಾಗ ಮಾತ್ರ ಉಳಿದಿತ್ತು. ಪಕ್ಕದಲ್ಲೇ ಬ್ಯೂಟಿ ಪಾರ್ಲರ್ ಇಟ್ಟಿರುವ ಬಾನು, ಥ್ರೆಡಿಂಗ್ ಮಾಡಲು ತನ್ನ ಹತ್ತಿರ ದಾರವೇನೋ ಇದೆ, ಹುಬ್ಬನ್ನು ಅಕ್ಕಾರೇ ತರಬೇಕು ಎಂದು ಕೈಚೆಲ್ಲಿದ್ದಳು. ಆದರೆ ದಾರಿ ತೋರಿಸಿದವಳೂ ಅವಳೇ. ಹುಬ್ಬಳ್ಳಿಯಲ್ಲಿ ಒಂದು ಕ್ಲಿನಿಕ್ ಇದೆ. ಅಲ್ಲಿ ಜೋತ ಚರ್ಮವನ್ನು ಯಂತ್ರದಿಂದ ಬಿಗಿ ಮಾಡುತ್ತಾರೆ. ಸಣ್ಣ ಸೂಜಿಯಿಂದ ಬಣ್ಣ ಗೀರಿ ಕೂದಲಿನಂಥದೇ ಹುಬ್ಬು ಬರೆಯುತ್ತಾರೆ. ಅದು ತೊಳೆದರೆ ಹೋಗುವುದಿಲ್ಲ, ಹಚ್ಚೆಯಂತೆ ಸಾಯುವ ತನಕ ಇರುವುದೂ ಇಲ್ಲ. ಒಂದೆರಡು ವರ್ಷ ಇದ್ದು ತಾನಾಗಿ ಮಾಸುತ್ತದೆ. ಹುಬ್ಬಿಗಾಗಿ ಹುಬ್ಬಳ್ಳಿಗೇ ಹೋಗಬೇಕಾದದ್ದು ದೈವಸಂಕಲ್ಪ ಎಂದು ಶಾಂತಾದೇವಿಗೆ ಅನ್ನಿಸಿತು.

ಗಂಡ ಸಂಜೀವಕುಮಾರನನ್ನು ಕರೆದುಕೊಂಡು ಒಮ್ಮೆ ಹೋಗಿ ಡಾಕ್ಟರಮ್ಮನನ್ನು ಕಂಡು ಬಂದಳು. ಬಣ್ಣವೂ ಮರಗಟ್ಟಿಸುವ ಮುಲಾಮೂ ಮೈಗೆ ಒಗ್ಗುತ್ತವೆಯೋ ಇಲ್ಲವೋ ಎಂದು ಕಿವಿಯ ಹಿಂದೆ ಪರೀಕ್ಷೆ ಮಾಡುತ್ತೇನೆಂದಾಗ ಹೆದರಿ, ಮೊದಲು ನಮ್ಮ ಮನಿಯವರಿಗೆ ಮಾಡ್ರಿ, ನಾ ನೋಡ್ತೇನಿ ಎಂದಳು. ಗಂಡ ಸುಮ್ಮನೆ ಕಿವಿ ಕೊಟ್ಟ. ಡಾಕ್ಟರಮ್ಮ ಇಬ್ಬರ ಕಿವಿಗೂ ಹಚ್ಚಿ, ಎರಡು ವಾರ ಬಿಟ್ಟು ಬರಲು ಹೇಳಿ, ತಯಾರಿಯ ನಿಯಮ ವಿವರಿಸಿದಳು. ಬಿಸಿಲಿಗೆ ಹೋಗಬಾರದು. ಒಲೆಯ ಝಳ ತಾಗಬಾರದು. ನೀರು ಚೆನ್ನಾಗಿ ಕುಡಿಯಬೇಕು. ಹಿಂದಿನ ದಿನ ಚಹಾ ಬಿಡಬೇಕು. ಬಿಸಿಲಿನ ಕ್ರೀಮು ಒಂದನ್ನು ಬಿಟ್ಟು ಮುಖಕ್ಕೆ ಏನೆಂದರೆ ಏನೂ ಹಚ್ಚಬಾರದು.

ಒಂದು ದಿನ ಚಹಾ ಬಿಡುವುದು ಶಾಂತಾದೇವಿಗೆ ತೀರ ಸಣ್ಣದಾಗಿ ಕಂಡಿತು. ಎರಡೂ ವಾರ ಬಿಡುವುದಾಗಿ ಸಾರಿದಳು.

ಇಲ್ಲಿ ಸಂಜೀವಕುಮಾರನ ಸ್ವಭಾವ ಹೇಳಬೇಕು. ಅವನು ಗಲ್ಲಾಪೆಟ್ಟಿಗೆಯ ಹಿಂದೆ ಕೂರುವ ಮೆತ್ತಗಿನ ಮನುಷ್ಯ. ಹೆಂಡತಿ ಏನನ್ನು ಶುರು ಮಾಡಿದರೂ ಜೊತೆಗೆ ತಾನೂ ಶುರು ಮಾಡುತ್ತಿದ್ದ. ವ್ಯತ್ಯಾಸವಿಷ್ಟೇ, ಅವಳು ಬಿಡುತ್ತಿದ್ದಳು, ಅವನು ಬಿಡುತ್ತಿರಲಿಲ್ಲ. ಸಿದ್ದಲಿಂಗನ ಎಸ್ಸೆಸ್ಸೆಲ್ಸಿ ಪರೀಕ್ಷೆಗೆಂದು ಅವಳು ಹಿಡಿದ ಸೋಮವಾರದ ಉಪವಾಸ ಎರಡನೇ ಸೋಮವಾರ ಮಿರ್ಚಿಭಜಿಯ ವಾಸನೆಗೆ ಮುರಿದಿತ್ತು. ಮಗ ದಾಂಡೇಲಿಯಲ್ಲಿ ಕೆಲಸಕ್ಕೆ ಸೇರಿ, ಮದುವೆಗೆ ಬಂದರೂ ಅಪ್ಪ ಇನ್ನೂ ಸೋಮವಾರ ಉಣ್ಣುತ್ತಿರಲಿಲ್ಲ.

"ನೀ ಒಬ್ಬಾಕಿನ ಚಹಾ ಬಿಟ್ರ ನನ್ನ ಕಪ್ಪು ನೋಡಿ ಜೀವ ಎಳೀತೈತಿ. ನಾನೂ ಬಿಡ್ತೇನಿ," ಎಂದ ಅವನು. ಅಂದಿನಿಂದ ಮುಖಕ್ಕೆ ಬೆಳ್ಳಗೆ ಕ್ರೀಮು ಬಳಿದುಕೊಂಡು, ಬಾಗಿಲಿನಿಂದ ಕೈತೋಟಕ್ಕೆ ಹೋಗಲೂ ಕೊಡೆ ಹಿಡಿದ. ಗಂಟೆಗೊಂದು ತಂಬಿಗೆ ನೀರು ಕುಡಿದ. ಊಟಕ್ಕೆ ಬಂದವರು, ಯಜಮಾನ್ರಿಗೆ ಏನಾಗೈತಿ ಎಂದು ಮಾಲವ್ವನನ್ನು ಮೆಲ್ಲಗೆ ವಿಚಾರಿಸತೊಡಗಿದರು.

ಇತ್ತ ಶಾಂತಾದೇವಿ ಒಲೆಯನ್ನು ಮಾಲವ್ವನಿಗೆ ಒಪ್ಪಿಸಿ ನಡುಮನೆಯಲ್ಲಿ ಫ್ಯಾನಿನ ಕೆಳಗೆ ಕೂತಳು. ಮಾಲವ್ವ ಸಾರು ಪಲ್ಯದಲ್ಲಿ ಗಟ್ಟಿ. ಆದರೆ ಅವಳ ರೊಟ್ಟಿ ಅವಳಿಗಿಂತ ಗಟ್ಟಿ. ಎರಡನೇ ದಿನವೇ ಲಾರಿ ಡ್ರೈವರನೊಬ್ಬ ರೊಟ್ಟಿಯನ್ನು ತಾಟಿಗೆ ಬಡಿದು ನಾದ ಕೇಳಿಸಿದ. ಶಾಂತಾದೇವಿಗೆ ತಡೆಯಲಾಗಲಿಲ್ಲ. ಒಂದೇ ಒಂದು ರೊಟ್ಟಿ ತಟ್ಟಿ ತೋರಿಸಿ ಬರುತ್ತೇನೆಂದು ಒಳಗೆ ಹೋದವಳು ಮಧ್ಯಾಹ್ನದ ಪಂಕ್ತಿ ಮುಗಿಯುವ ತನಕ ತಟ್ಟಿದಳು. ಅಷ್ಟು ದಣಿದ ಮೇಲೆ ಮಾಲವ್ವ ಕೊಟ್ಟ ಚಹಾ ಬೇಡ ಎನ್ನುವುದು ಮನುಷ್ಯತ್ವವಲ್ಲ. ಸ್ಟೀಲ್ ಲೋಟದಲ್ಲಿ ಹಾಕಿಸಿಕೊಂಡು, ಗಂಡ ಇಣುಕಿದಾಗ ಬಿಸಿನೀರು ಎಂದಳು. ಮರುದಿನವೂ ಬಿಸಿನೀರೇ ಕುಡಿದಳು. ಅದರ ಮರುದಿನ ಬಿಸಿನೀರಿನ ಜೊತೆ ಎರಡು ಟೋಸ್ಟ್ ತಿಂದಳು.

ಕ್ಲಿನಿಕ್ಕಿಗೆ ಹೋಗುವ ಹಿಂದಿನ ಮಧ್ಯಾಹ್ನ ಕನ್ನಡಿ ನೋಡಿಕೊಂಡಳು. ಮುಖ ಹೇಗಿತ್ತೋ ಹಾಗೇ ಇತ್ತು, ಮೇಲೊಂದು ಹೊಸ ಕಪ್ಪು ಕೂತಿತ್ತು. ಇಷ್ಟು ದಿನದ ತಯಾರಿಯನ್ನು ಒಂದೇ ಮಧ್ಯಾಹ್ನದಲ್ಲಿ ತೂಗಿಸಬೇಕಲ್ಲ. ಮೊಬೈಲಿನಲ್ಲಿ ಯಾರೋ ಹೆಣ್ಣುಮಗಳು ಹೇಳಿದಂತೆ ಪಪ್ಪಾಯಿ ಹಣ್ಣು ಕಿವುಚಿ, ಲಿಂಬೆಹಣ್ಣು ಹಿಂಡಿ, ಕಡಲೆಹಿಟ್ಟು ಕಲಸಿದಳು. ಹಿಟ್ಟು ಕಂಡ ಕೈ ಅಭ್ಯಾಸಬಲದಿಂದ ಒಂದು ಚಿಟಿಕೆ ಸೋಡಾ ಕೂಡ ಹಾಕಿತು. ದಪ್ಪಗೆ ಬಳಿದುಕೊಂಡು ಫ್ಯಾನಿನ ಕೆಳಗೆ ಮಲಗಿದವಳಿಗೆ ಸೊಗಸಾದ ನಿದ್ದೆ ಬಂತು. ಎಚ್ಚರವಾದಾಗ ಲೇಪ ಗೋಡೆಯ ಗಿಲಾವಿನಂತೆ ಬಿರುಕು ಬಿಟ್ಟಿತ್ತು. ತೊಳೆದರೆ ಒಳಗಿನ ಮುಖ ಬ್ಯಾಡಗಿ ಮೆಣಸಿನಕಾಯಿಯಾಗಿತ್ತು. ಯಾರಿಗೂ ಹೇಳಲಿಲ್ಲ. ಮರುದಿನ ಬೆಳಗ್ಗೆ ಪೌಡರಿನ ಅರ್ಧ ಡಬ್ಬಿ ಮುಖದ ಮೇಲೆ ಸುರಿದುಕೊಂಡು ಹೊರಟಳು.

ಬಸ್ಸಿನಲ್ಲಿ ಸಂಜೀವಕುಮಾರ ಬಿಸಿಲು ತಾಗಬಾರದೆಂದು ಹೆಂಡತಿಯ ಹೂಬಳ್ಳಿಯ ಶಾಲು ಸುತ್ತಿಕೊಂಡು, ತಂಪು ಕನ್ನಡಕ ಹಾಕಿಕೊಂಡು ಕೂತಿದ್ದ. ಕಂಡಕ್ಟರ್ ಬಂದು, ಅಕ್ಕಾರ ಇಬ್ಬರೂ ಆಧಾರ್ ಕಾರ್ಡ್ ತೋರಸ್ರಿ ಎಂದು ಹೆಂಗಸರ ಉಚಿತ ಟಿಕೆಟ್ ಹರಿಯಲು ಹೊರಟ. ಸಂಜೀವಕುಮಾರ ವಿನಯದಿಂದ ಕಾರ್ಡು ಕೊಟ್ಟ. ಕಂಡಕ್ಟರ್ ಕಾರ್ಡಿನ ಮೀಸೆಯನ್ನೂ ಶಾಲಿನ ಹೂವನ್ನೂ ಎರಡೆರಡು ಸಲ ನೋಡಿ, ಗಂಡನ ಕಾರ್ಡು ತಂದೀರಲ್ರೀ ಅಕ್ಕಾರ ಎಂದ. ಶಾಲು ಸರಿಸಿ ಮೀಸೆ ತೋರಿಸಬೇಕಾಯಿತು. ಟಿಕೆಟ್ ಕೊಂಡು ಮೀಸೆಯನ್ನು ಮತ್ತೆ ಒಳಗೆ ಹಾಕಿಕೊಂಡ. ಧಾರವಾಡ ದಾಟುವ ತನಕ ಹಿಂದಿನ ಸೀಟಿನವರು ನಗುತ್ತಲೇ ಇದ್ದರು.

ಕ್ಲಿನಿಕ್ಕಿನಲ್ಲಿ ಡಾಕ್ಟರಮ್ಮ ಹತ್ತಿಯಿಂದ ಶಾಂತಾದೇವಿಯ ಮುಖ ಒರೆಸಿದಳು. ಮೊದಲ ಹತ್ತಿ ಬೆಳ್ಳಗೆ ಬಂತು. ಎರಡನೆಯದಕ್ಕೆ ಶಾಂತಾದೇವಿ ಹಲ್ಲು ಕಚ್ಚಿದಳು. ಏನು ಹಚ್ಚಿದಿರಿ ಎಂದು ಕೇಳಿದ್ದಕ್ಕೆ ಏನೂ ಇಲ್ಲ ಎಂದು ಆಣೆ ಮಾಡಿದಳು. ಡಾಕ್ಟರಮ್ಮ ಅವಳ ತಲೆಯನ್ನು ಮೆಲ್ಲಗೆ ಹೊರಳಿಸಿ, ಕಿವಿಯ ಹಿಂದಿನಿಂದ ಕಪ್ಪಗಿನ ಒಂದು ಕಾಳನ್ನು ಚಿಮಟದಲ್ಲಿ ಎತ್ತಿ ಸ್ಟೀಲ್ ತಟ್ಟೆಗೆ ಹಾಕಿದಳು. ಟಿಣ್ ಎಂದಿತು.

"ಪಪ್ಪಾಯಿ ಬೀಜ," ಎಂದ ಸಂಜೀವಕುಮಾರ, ಸಹಾಯ ಮಾಡುವ ಉದ್ದೇಶದಿಂದ.

ಈ ಚರ್ಮಕ್ಕೆ ಯಂತ್ರವೂ ಬೇಡ, ಸೂಜಿಯೂ ಬೇಡ, ಮೊದಲು ವಾಸಿಯಾಗಲಿ, ಒಂದು ತಿಂಗಳು ಬಿಟ್ಟು ನೋಡೋಣ ಎಂದಳು ಡಾಕ್ಟರಮ್ಮ. ನಿಶ್ಚಯ ಮುಂದಿನ ವಾರವೇ ಇತ್ತು. ಶಾಂತಾದೇವಿ ಸದ್ದಿಲ್ಲದೆ ಅಳತೊಡಗಿದಳು. ಕಣ್ಣೀರಿನ ಉಪ್ಪು ಕೆನ್ನೆಗೆ ತಾಗಿ ಉರಿದು, ಆ ಉರಿಗೆ ಇನ್ನಷ್ಟು ಕಣ್ಣೀರು ಬಂತು. ಸಂಜೀವಕುಮಾರ ಶಾಲು ಬಿಚ್ಚಿ ಅದರ ತುದಿಯಿಂದ ಗಾಳಿ ಹಾಕುತ್ತ ನಿಂತ.

ಆಗ ಡಾಕ್ಟರಮ್ಮನ ಕಣ್ಣು ಅವನ ಮುಖದ ಮೇಲೆ ಬಿತ್ತು. ಹತ್ತಿರ ಬಂದು ದೀಪ ಹಿಡಿದು ನೋಡಿದಳು. ಬಿಸಿಲಿಗೆ ಹೋಗಿದ್ದಿರಾ ಎಂದು ಕೇಳಿದಳು. ಇಲ್ಲ ಎಂದ. ಚಹಾ? ಬಿಟ್ಟು ಎರಡು ವಾರವಾಯಿತೆಂದ. ನೀರು? ಕುಡಿದ ತಂಬಿಗೆಗಳ ವಿಷಯ ಹೇಳಿದ. ಒಂದೊಂದು ಉತ್ತರಕ್ಕೂ ಶಾಂತಾದೇವಿಯ ತಲೆ ಒಂದೊಂದು ಬೆರಳು ಕೆಳಗಿಳಿಯಿತು. ಹೇಳಿದ್ದನ್ನೆಲ್ಲ ಕೇಳಿದ ಪೇಷಂಟನ್ನು ತಾನು ಈವರೆಗೆ ಕಂಡೇ ಇರಲಿಲ್ಲ ಎಂದು ಡಾಕ್ಟರಮ್ಮ ನಿಟ್ಟುಸಿರಿಟ್ಟಳು. ನೋಡಿದರೆ ಸಂಜೀವಕುಮಾರನ ಹುಬ್ಬೂ ನರೆತು, ಉದುರಿ, ಅಲ್ಲೊಂದು ಇಲ್ಲೊಂದು ಕೂದಲು ನಿಂತಿತ್ತು.

ಶಾಂತಾದೇವಿ ಮೂಗು ಒರೆಸಿಕೊಂಡು ಎದ್ದು, ಮಂಚ ಖಾಲಿ ಮಾಡಿದಳು. "ನೀವು ಮಲಕೋರಿ."

"ನನಗ್ಯಾಕ ಇದು?"

"ಇಬ್ಬರೂ ಸೇರಿ ತಯಾರಿ ಮಾಡೇವಿ. ಒಬ್ಬರ ಮುಖದ ಮ್ಯಾಲರ ಬರ್ಲಿ."

ಚರ್ಮ ಬಿಗಿ ಮಾಡುವ ಯಂತ್ರ ಬೇಡ, ಹುಬ್ಬಷ್ಟೇ ಸಾಕು ಎಂದಾಯಿತು. ಮುಲಾಮು ಹಚ್ಚಿದ ಹತ್ತೇ ನಿಮಿಷಕ್ಕೆ ಸಂಜೀವಕುಮಾರ ಗೊರಕೆ ಹೊಡೆಯತೊಡಗಿದ. ಪ್ರತಿ ಗೊರಕೆಗೂ ಹಣೆ ಮೇಲೇರಿ ಇಳಿಯುತ್ತಿದ್ದುದರಿಂದ, ಡಾಕ್ಟರಮ್ಮ ಉಸಿರುಗಳ ನಡುವೆ ಸಮಯ ನೋಡಿ ಗೀರಬೇಕಾಯಿತು. ಎಡಹುಬ್ಬಿನ ತುದಿ ಕೂದಲೆಳೆಯಷ್ಟು ಮೇಲೆ ಹೋದದ್ದು ಹಾಗೆ.

ಮೊದಲ ವಾರ ಬಣ್ಣ ಗಾಢವಾಗಿರುತ್ತದೆಂದು ಡಾಕ್ಟರಮ್ಮ ಹೇಳಿದ್ದು ನಿಜವಾಯಿತು. ಗಲ್ಲಾಪೆಟ್ಟಿಗೆಯ ಹಿಂದೆ ಕೂತ ಮೆತ್ತಗಿನ ಮನುಷ್ಯ ಈಗ ಯಾರನ್ನೋ ವಿಚಾರಣೆ ಮಾಡಲು ಕೂತ ಫೌಜದಾರನಂತೆ ಕಾಣುತ್ತಿದ್ದ. ತಾಟಿನಲ್ಲೇ ಕೈ ತೊಳೆಯುತ್ತಿದ್ದವರು ಎದ್ದು ಹೋಗಿ ನಲ್ಲಿಯಲ್ಲಿ ತೊಳೆದರು. ಮಜ್ಜಿಗೆ ತಾ ಎಂದು ಕೂಗುತ್ತಿದ್ದವರು ಮಜ್ಜಿಗಿ ಐತೇನ್ರಿ ಎಂದು ಕೇಳಿದರು. ಶಂಕ್ರವ್ವ ಮಗನನ್ನು ಬಹಳ ಹೊತ್ತು ನೋಡಿ, ಯಾಕಪಾ ನನ್ನ ಮ್ಯಾಲ ಸಿಟ್ಟ ಮಾಡ್ಕೊಂಡಿ ಎಂದು ಕೇಳಿ, ಇಲ್ಲವೆಂದರೂ ನಂಬದೆ, ಅವನನ್ನು ಸಮಾಧಾನ ಮಾಡಲು ಅನ್ನಕ್ಕೆ ಎರಡು ಚಮಚ ತುಪ್ಪ ಹೆಚ್ಚಿಗೆ ಹಾಕಿದಳು.

ಹುಬ್ಬಿಗೆ ನೀರು ತಾಗದಂತೆ ಮುಖ ಒರೆಸುವುದು, ದಿನಾ ಮುಲಾಮು ಹಚ್ಚುವುದು ಶಾಂತಾದೇವಿಯ ಪಾಲಿಗೆ ಬಂತು. ಅಂಗಳದ ನೆರಳಿನಲ್ಲಿ ಅವನನ್ನು ಕುರ್ಚಿಯಲ್ಲಿ ಕೂರಿಸಿ, ಗದ್ದ ಹಿಡಿದು, ಹತ್ತಿ ಸುತ್ತಿದ ಕಡ್ಡಿಯಿಂದ ಸವರುತ್ತಿದ್ದಳು. ಗಂಡನ ಮುಖವನ್ನು ಇಷ್ಟು ಹತ್ತಿರದಿಂದ ನೋಡಿ ಎಷ್ಟು ಕಾಲವಾಗಿತ್ತೋ. ಬಲಹುಬ್ಬಿನ ಕೆಳಗೊಂದು ಹಳೆಯ ಗಾಯದ ಗೆರೆಯಿತ್ತು. ಇದು ಯಾವಾಗಿನದೆಂದು ಕೇಳಿದಳು. ಖಾನಾವಳಿ ಶುರು ಮಾಡಿದ ಹೊಸತರಲ್ಲಿ ಒಲೆಯ ಹೊಗೆ ಅವಳ ಕಣ್ಣಿಗೆ ಬರುತ್ತಿತ್ತಲ್ಲ, ಅದಕ್ಕೊಂದು ಹೊಗೆಗೂಡು ಮಾಡಲು ತಗಡು ಕೊಯ್ಯುವಾಗ ಸಿಡಿದದ್ದು ಎಂದ. ಆಗ ಹೇಳಿರಲಿಲ್ಲ, ಈಗಲೂ ಕೇಳಿದ್ದಕ್ಕೆ ಹೇಳಿದ.

ಶಾಂತಾದೇವಿ ಆ ಗೆರೆಗೂ ಒಂದಿಷ್ಟು ಮುಲಾಮು ಸವರಿದಳು. ಆಮೇಲೆ ಬೇರೆ ಕಡೆ ನೋಡುತ್ತ ಹೇಳಿದಳು: "ನಾ ಚಹಾ ಕುಡದಿದ್ದೆ."

"ಗೊತ್ತೈತಿ. ನಿನ್ನ ಬಿಸಿನೀರಿಗೆ ಶುಂಠಿ ವಾಸನಿ ಬರ್ತಿತ್ತು."

ನಿಶ್ಚಯದ ಹೊತ್ತಿಗೆ ಅವಳ ಮುಖದ ಕೆಂಪು ಇಳಿದು, ಹಳೆಯ ಮುಖವೇ ಹಿಂದಿರುಗಿತ್ತು. ಬಾನು ಪೆನ್ಸಿಲಿನಿಂದ ಎರಡು ಹುಬ್ಬು ಬರೆದು ಕಳಿಸಿದ್ದಳು. ಮುಂಡಗೋಡದ ಸೆಕೆಗೆ, ಉಡಿ ತುಂಬುವ ಗದ್ದಲದಲ್ಲಿ, ಬೆವರು ಒರೆಸಿಕೊಂಡ ಕರವಸ್ತ್ರಕ್ಕೆ ಬಲಹುಬ್ಬು ಪೂರ್ತಿ ಬಂದುಬಿಟ್ಟಿತು. ಅದನ್ನು ಮೊದಲು ಕಂಡವಳು ಸುಮಿತಾ. ಬೀಗಿತ್ತಿಯ ಕೈ ಹಿಡಿದು ಒಳಕೋಣೆಗೆ ಎಳೆದೊಯ್ದು, ಬಾಗಿಲು ಹಾಕಿ, ತನ್ನ ಕಪಾಟಿನಿಂದ ಪೆನ್ಸಿಲ್ ತೆಗೆದಳು. ಬರೆಯುತ್ತ ಬರೆಯುತ್ತ ತನ್ನ ಗುಟ್ಟನ್ನೂ ಹೇಳಿದಳು. ಅವಳ ಹುಬ್ಬೂ ಗೋವಾದಲ್ಲಿ ಬರೆಸಿದ್ದೇ. ಈಗ ಮಾಸಿ ನೀಲಿಗೆ ತಿರುಗಿದೆ. ಬೀಗರು ಬರುತ್ತಾರೆಂದರೆ ಎಲ್ಲರಿಗಿಂತ ಮೊದಲು ಎದ್ದು ಕನ್ನಡಿಯ ಮುಂದೆ ಕೂರಬೇಕು. ಬೀಗರು ಬಂದಾಗಿನಿಂದ ಸಂಜೀವಕುಮಾರ ಅಣ್ಣಾರ ಹುಬ್ಬು ನೋಡುತ್ತಲೇ ಇದ್ದಾಳೆ, ಅಷ್ಟು ಚೆಂದ ಎಲ್ಲಿ ಮಾಡಿಸಿದಿರಿ?

ಶಾಂತಾದೇವಿಗೆ ರೆಕ್ಕೆ ಬಂತು. ಹುಬ್ಬಳ್ಳಿಯ ವಿಳಾಸ ಕೊಟ್ಟಳು. ತಯಾರಿಯ ನಿಯಮಗಳನ್ನೆಲ್ಲ ಬಹಳ ಗಂಭೀರವಾಗಿ ಬೋಧಿಸಿದಳು. ಚಹಾವಂತೂ ಎರಡು ವಾರ ಮುಟ್ಟಲೇಬಾರದು, ಅದೇ ಮುಖ್ಯ, ಮನಸ್ಸು ಗಟ್ಟಿ ಇದ್ದರೆ ಅದೇನೂ ಕಷ್ಟವಲ್ಲ ಎಂದಳು. ಊರಿಗೆ ಬರುವಾಗ ದಾರಿಯುದ್ದಕ್ಕೂ, ಬೀಗಿತ್ತಿ ಅಂದ್ರ ಹಿಂಗಿರಬೇಕು, ಇನ್ನು ದಿನಾ ಫೋನ್ ಮಾಡ್ತಾಳ ನೋಡ್ರಿ ಎಂದು ಗಂಡನಿಗೆ ಹೇಳಿದಳು.

ಫೋನ್ ಬಂತು, ಮರುವಾರವೇ, ಮಧ್ಯಾಹ್ನದ ಪಂಕ್ತಿಯ ಹೊತ್ತಿಗೆ. ಶಾಂತಾದೇವಿ ಹೆಂಚಿನ ಮೇಲಿನ ರೊಟ್ಟಿ ಬಿಟ್ಟು ಓಡಿ ಬಂದು ಎತ್ತಿಕೊಂಡಳು. ಆ ಕಡೆಯಿಂದ ಸುಮಿತಾಳ ದನಿ ಸೋತು ಬಂತು.

"ಅಕ್ಕಾರ, ಚಹಾ ಬಿಟ್ಟು ಮೂರು ದಿನ ಆತ್ರಿ. ತಲಿ ಸಿಡೀಲಿಕ್ಕತ್ತೈತಿ. ನೀವು ಹೆಂಗ ತಡಕೊಂಡ್ರಿ?"

ಶಾಂತಾದೇವಿ ಫೋನನ್ನು ಗಲ್ಲಾಪೆಟ್ಟಿಗೆಯ ಕಡೆ ಚಾಚಿದಳು.

"ನಿಮಗ ಐತ್ರಿ," ಎಂದು ಗಂಡನಿಗೆ ಹೇಳಿ, ರೊಟ್ಟಿ ತಿರುವಿ ಹಾಕಲು ಒಳಗೆ ಹೋದಳು.