ಹಿತ್ತಲಿನ ಟಂಡ್ರಾ

ಮಧ್ಯಾಹ್ನ ಎರಡೂ ಕಾಲು. ಹಸಿವು ತಾಳಲಾರದೆ ಆಗಷ್ಟೇ ಗಡಿಯಾರ ನೋಡಿಕೊಂಡಿದ್ದೆ, ಅದಕ್ಕೇ ಇಷ್ಟು ಖಚಿತವಾಗಿ ಹೇಳಬಲ್ಲೆ. ಕಾಕನಕೋಟೆಯ ಕಾಡಿನೊಳಗೆ ಒಂದು ತೇಗದ ಮರದ ಕೆಳಗೆ ನಮ್ಮತ್ತೆ ಬುತ್ತಿಯ ಗಂಟು ಬಿಚ್ಚುತ್ತಿದ್ದರು. ಬಿದಿರು ಮೆಳೆಯ ಆಚೆ ಜಾತ್ರೆಯಲ್ಲಿ ಕದಿನಿಯ ಸಿಡಿಮದ್ದು ಹಾರಿಸಿದಂತೆ ಢಂ ಎಂದಿತು. ಇನ್ನೊಂದು ಸಲ ಢಂ! ಅತ್ತೆಯ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು.

ಮುಂದಿನದನ್ನು ಈಗಲೇ ಹೇಳಬಹುದು. ಆದರೆ ಅದನ್ನು ಬರೆಯಹೊರಟರೆ ಇವತ್ತಿಗೂ ನನ್ನ ಅಕ್ಷರ ಸೊಟ್ಟಗಾಗುತ್ತದೆ. ಸ್ವಲ್ಪ ಸುಧಾರಿಸಿಕೊಳ್ಳುತ್ತೇನೆ, ಅಷ್ಟರಲ್ಲಿ ನಮ್ಮ ಸೋದರಮಾವನ ಪರಿಚಯ ಮಾಡಿಕೊಳ್ಳಿ. ಅವರ ಪರಿಚಯವಿಲ್ಲದೆ ನಾವು ಆ ಕಾಡಿನಲ್ಲಿ ಏನು ಮಾಡುತ್ತಿದ್ದೆವು ಎಂಬುದೇ ನಿಮಗೆ ಅರ್ಥವಾಗುವುದಿಲ್ಲ.

ನಮ್ಮ ಮಾವ ಮೈಸೂರು ದಾಟಿ ಆಚೆಗೆ ಕಾಲಿಟ್ಟವರಲ್ಲ. ಆದರೆ ಸಹಾರಾ ಮರುಭೂಮಿ ಅವರ ಮನೆಯ ಹಿತ್ತಲಲ್ಲೇ ಇತ್ತು!

ತಮಾಷೆಯಲ್ಲ. ಅವರು ಹುಣಸೂರಿನಲ್ಲಿ ಭೂಗೋಳದ ಮೇಷ್ಟ್ರು. ಬೇರೆ ಮೇಷ್ಟ್ರುಗಳಿಗೆ ಭೂಗೋಳ ಶಾಲೆಯ ಗಂಟೆ ಹೊಡೆದಾಗ ಮುಗಿಯುತ್ತದೆ, ಇವರಿಗೆ ಆಗ ಶುರುವಾಗುತ್ತಿತ್ತು. ಪ್ರಪಂಚದ ಸ್ವಾಭಾವಿಕ ಸಸ್ಯವರ್ಗಗಳೆಂಬ ಪಾಠವೊಂದಿದೆಯಲ್ಲ, ಅದು ಅವರ ಪಾಲಿನ ವಚನಶಾಸ್ತ್ರ. ಬೆಳಿಗ್ಗೆ ವಿಭೂತಿ ಧರಿಸಿ ಲಿಂಗಪೂಜೆ ಮುಗಿಸಿದವರೇ ಹಿತ್ತಲಿಗಿಳಿದು ಭೂಪ್ರದಕ್ಷಿಣೆ ಮಾಡುತ್ತಿದ್ದರು. ಬಿಸಿಲು ಸುಡುವ ಬಟಾಬಯಲಿನ ಮೂಲೆ ಸಹಾರಾ. ಬಾಳೆಗಿಡಗಳ ಗುಂಪು ಅಮೆಜಾನಿನ ನಿತ್ಯಹರಿದ್ವರ್ಣದ ಕಾಡು. ಹುಲ್ಲಿನ ಮೆದೆಯ ಪಕ್ಕದ ಒಂಟಿ ನುಗ್ಗೆಮರ ಮತ್ತು ಅದರ ಸುತ್ತಲಿನ ಎತ್ತರದ ಹುಲ್ಲು ಸವನ್ನಾ. ಬೇಲಿಯಂಚಿನ ಸರ್ವೆಮರ ಟೈಗಾ. 'ಇದು ಅಸಲಿ ಟೈಗಾ ಅಲ್ಲ ಕಣೋ, ಎಲೆ ಮಾತ್ರ ಸೂಜಿ ಥರ ಇದೆ. ಹಂಗಾಮಿ ನೇಮಕ!' ಎಂದು ಅವರೇ ಒಪ್ಪಿಕೊಳ್ಳುತ್ತಿದ್ದರು. ಬಚ್ಚಲಿನ ಹಿಂದೆ ನೀರು ಹರಿದು, ಬಿಸಿಲೇ ಕಾಣದೆ, ಕೆಸರಾಗಿ ಪಾಚಿಗಟ್ಟಿದ ಜಾಗವೇ ಟಂಡ್ರಾ. ಅಲ್ಲಿ ಪಾಚಿ ಬಿಟ್ಟರೆ ಇನ್ನೇನೂ ಬೆಳೆಯುವುದಿಲ್ಲವಲ್ಲ, ಪುಸ್ತಕದಲ್ಲೂ ಹಾಗೇ ಇದೆ!

ಇದರಿಂದ ಕಷ್ಟಕ್ಕೆ ಸಿಕ್ಕಿದ್ದು ಅತ್ತೆ. ಅವರು ಕೃಷ್ಣರಾಜನಗರದ ಕಡೆಯ ಭೇರ್ಯದವರು, ನಾಲೆ ನೀರಿನ ಗದ್ದೆ ನೋಡಿ ಬೆಳೆದ ಹೆಣ್ಣುಮಗಳು. 'ನಿಮ್ಮತ್ತೆ ನೀರಾವರಿ ಪ್ರದೇಶದವಳು. ಅದಕ್ಕೇ ಮಾತೆತ್ತಿದರೆ ಕಣ್ಣಲ್ಲಿ ನೀರು!' ಎಂದು ಮಾವ ರೇಗಿಸುವರು. 'ನಿಮ್ಮನ್ನ ಕಟ್ಕೊಂಡೋರು ಯಾವ ಸೀಮೆಯೋರಾದ್ರೂ ಅಳ್ಬೇಕಾದ್ದೇ ಬುಡಿ' ಎಂದು ಅತ್ತೆ ತಿರುಗೇಟು ಕೊಡುವರು. ಆದರೂ ಇಪ್ಪತ್ತು ವರ್ಷದ ಸಂಸಾರದಲ್ಲಿ ಅವರ ಬಾಯಿಗೂ ಅವೇ ಹೆಸರುಗಳು ಹತ್ತಿಕೊಂಡಿದ್ದವು. ನೆಂಟರ ಮುಂದೆ, 'ಒಂದ್ ಗಳಿಗೆ ಕೂತ್ಕಳಿ, ಸಹಾರಾದಲ್ಲಿ ಮೆಣಸಿನಕಾಯಿ ಅರವಿದೀನಿ, ತಿರುವಾಕಿ ಬತ್ತೀನಿ' ಎಂದು ಎದ್ದುಹೋಗುವರು. ಪಿರಿಯಾಪಟ್ಟಣದಿಂದ ಬಂದಿದ್ದ ಒಬ್ಬ ಮುದುಕಿ ಇದನ್ನು ಕೇಳಿ, 'ಅಷ್ಟು ದೂರ ಒಬ್ಳೇ ಓಯ್ತೀಯಾ ಮಗ?' ಎಂದು ಗಾಬರಿಯಾಗಿದ್ದಳಂತೆ!

ನಿಂಬೆಗಿಡದ ಕಥೆಯನ್ನಂತೂ ಹೇಳಲೇಬೇಕು. ಮಾವನ ಲೆಕ್ಕದಲ್ಲಿ ಅದು ಮೆಡಿಟರೇನಿಯನ್ ಪ್ರದೇಶ. ಅಲ್ಲಿ ಮಳೆ ಚಳಿಗಾಲದಲ್ಲಿ ಮಾತ್ರ. ಆದ್ದರಿಂದ ಬೇಸಿಗೆಯಲ್ಲಿ ಗಿಡಕ್ಕೆ ಒಂದು ತೊಟ್ಟು ನೀರು ಹಾಕಕೂಡದೆಂದು ಅಪ್ಪಣೆಯಾಯಿತು. ಅತ್ತೆ 'ಆಗಲಿ' ಎಂದರು. ಮಾವ ಶಾಲೆಗೆ ಹೋದಮೇಲೆ ದಿನಾ ಅಕ್ಕಿ ತೊಳೆದ ನೀರನ್ನು ಅದರ ಬುಡಕ್ಕೆ ಸುರಿದರು. ಗಿಡ ಮೈತುಂಬ ಕಾಯಿಬಿಟ್ಟಿತು. ಮಾವ ಬೀದಿಯವರನ್ನೆಲ್ಲ ಕರೆದು, 'ನೋಡಿ, ನೀರಿಲ್ಲದೆ ಬೆಳೆದ ನಿಂಬೆ! ಪುಸ್ತಕ ಸುಳ್ಳು ಹೇಳಲ್ಲ!' ಎಂದು ಭಾಷಣ ಮಾಡಿದರು. ಅತ್ತೆ ಎಲ್ಲರಿಗೂ ಪಾನಕ ಹಂಚಿದರು.

ಬಸ್ಸಿನಲ್ಲಿ ಕೂತರೂ ಇದೇ ಪಾಠ. ಹುಣಸೂರು ಬಿಟ್ಟು ಪಿರಿಯಾಪಟ್ಟಣದ ದಾರಿ ಹಿಡಿಯುತ್ತಲೂ ಎದ್ದುನಿಂತು, 'ಈಗ ನಾವು ಕುರುಚಲು ಕಾಡಿನ ವಲಯ ದಾಟುತ್ತಿದ್ದೇವೆ' ಎಂದು ಸಾರುವರು. 'ಮೇಷ್ಟ್ರೇ, ನಿಮ್ ಟಿಕೆಟ್ ಇರೋದು ಕಂಪಲಾಪುರಕ್ಕೆ. ವಲಯಗಿಲಯ ಏನೂ ದಾಟಂಗಿಲ್ಲ, ಕೂತ್ಕಳಿ' ಎಂದು ಕಂಡಕ್ಟರ್ ಕೂರಿಸುವನು. ಕಿಟಕಿಯಾಚೆ ಹೊಗೆಸೊಪ್ಪಿನ ಹೊಲ ಕಂಡರೆ ಮಾವ ಮುಖ ತಿರುಗಿಸುವರು. 'ಅದು ಸಸ್ಯವರ್ಗ ಅಲ್ಲ ಕಣೋ. ಮನುಷ್ಯನ ಚಟ!'

ಸರಿ, ಕೈ ಸ್ವಲ್ಪ ನೆಟ್ಟಗಾಗಿದೆ. ಕಾಡಿಗೆ ಹೋಗೋಣ.

ಆ ವರ್ಷ ನಾನು ಮೈಸೂರಿನಲ್ಲಿ ಬಿ.ಎ. ಪರೀಕ್ಷೆ ಬರೆದು, ರಜಕ್ಕೆಂದು ಮಾವನ ಮನೆಗೆ ಬಂದಿದ್ದೆ. ಯುಗಾದಿ ಕಳೆದಿತ್ತು. ಅಂತರಸಂತೆಯಲ್ಲಿ ಅತ್ತೆಯ ತಂಗಿಯ ಮಗುವಿಗೆ ತೊಟ್ಟಿಲು ಶಾಸ್ತ್ರ. ಮೂವರೂ ಹೋದೆವು. ಶಾಸ್ತ್ರ ಮುಗಿದ ಮಾರನೆಯ ದಿನ ಮಾವನ ತಲೆಗೆ ಹುಳು ಹೊಕ್ಕಿತು. ಇಷ್ಟು ಹತ್ತಿರ ಬಂದು ಕಾಕನಕೋಟೆಯ ಕಾಡು ನೋಡದೆ ಹೋಗುವುದೇ?

'ಮಾನ್ಸೂನ್ ಕಾಡು ಕಣೋ! ಎಲೆ ಉದುರಿಸುವ ಕಾಡು! ಬೇಸಿಗೆಯಲ್ಲಿ ನೀರು ಉಳಿಸೋದಕ್ಕೆ ಮರಗಳು ಎಲೆ ಕಳಚಿ ನಿಲ್ತವೆ. ಇಪ್ಪತ್ತು ವರ್ಷ ಪಾಠ ಮಾಡಿದೀನಿ, ಒಂದು ಸಲ ಕಣ್ಣಾರೆ ನೋಡಿಲ್ಲ.'

'ಎಲೆ ಉದುರಿದ್ ಮ್ಯಾಕೆ ನೋಡೋಕ್ ಏನದೆ? ಮಳೇಲಿ ಬರನ ಬುಡಿ' ಎಂದರು ಅತ್ತೆ.

'ಉದುರಿರೋದನ್ನೇ ನೋಡ್ಬೇಕು ಕಣೇ!'

ಗಾಡಿ ಕಟ್ಟಿಸಿದ್ದಾಯಿತು. ಗಾಡಿಯವನು ರಸ್ತೆಯಲ್ಲೇ ಎತ್ತು ನಿಲ್ಲಿಸಿ, 'ಒಳಗಡೆ ಒಂದು ಹಡ್ಲು ಅದೆ ಸಾಮಿ, ನೋಡ್ಕೊಂಡು ಬಿರ್‍ರನೆ ಬಂದ್‌ಬುಡಿ' ಎಂದ. ಹಡ್ಲು ಎಂದರೆ ಕಾಡಿನ ನಡುವಿನ ತಗ್ಗು ಬಯಲು. ಅಂಚಿನಲ್ಲಿ ಆಳೆತ್ತರದ ಒಣಹುಲ್ಲು, ನಡುವೆ ಬೇಸಿಗೆಯಲ್ಲೂ ಆರದ ಕೆಸರು. ನಾವು ಬಿದಿರು ಮೆಳೆಗಳ ನಡುವಿನ ಕಾಲುದಾರಿಯಲ್ಲಿ ನಡೆದು ಅದರ ಅಂಚಿಗೆ ಬಂದೆವು. ಕಾಲಿಟ್ಟಲ್ಲೆಲ್ಲ ತೇಗದ ತರಗೆಲೆ ಹಪ್ಪಳದಂತೆ ಪುಡಿಯಾಗುತ್ತಿತ್ತು. ಮಾವನಿಗೆ ಆ ಸದ್ದೇ ಸಂಗೀತ! ಬೇಕೆಂದೇ ಎಲೆರಾಶಿಯ ಮೇಲೆ ಹುಡುಗನಂತೆ ಕುಣಿದರು. ಆಮೇಲೆ ನಮ್ಮನ್ನು ಮರದಡಿ ಕೂರಿಸಿ, 'ದಿಬ್ಬ ಹತ್ತಿ ಕಾಡನ್ನ ಇಡಿಯಾಗಿ ನೋಡಿ ಬರ್ತೀನಿ, ನೀವು ಊಟ ಹಾಕಿ' ಎಂದು ಹೊರಟುಹೋದರು.

ಎರಡೂ ಕಾಲಿಗೆ ಆ ಸದ್ದು ಬಂದದ್ದು ಆಗಲೇ.

ಬೆಂಕಿಗೆ ಸಿಕ್ಕ ಬಿದಿರು ಗಿಣ್ಣು ಗಿಣ್ಣಿಗೆ ಸಿಡಿಯುತ್ತದೆಂದು ನಾನೆಲ್ಲಿ ತಿಳಿದಿದ್ದೆ? ಯಾರೋ ಬೇಟೆಯವರು ಗುಂಡು ಹಾರಿಸುತ್ತಿದ್ದಾರೆ ಎಂದುಕೊಂಡೆ. ಅಷ್ಟರಲ್ಲಿ ಗಾಳಿ ತಿರುಗಿತು. ಮೊದಲು ಹೊಗೆ, ಅದರ ಹಿಂದೆಯೇ ಬಿಸಿ. ತಲೆಯ ಮೇಲಿಂದ ಹಕ್ಕಿಗಳು ಕಿರುಚಿಕೊಂಡು ಹಾರಿಹೋದವು. ಎಲ್ಲಿಂದಲೋ ಒಂದು ಮೊಲ ನುಗ್ಗಿಬಂದು, ನಮ್ಮನ್ನು ಲೆಕ್ಕಕ್ಕೇ ಇಡದೆ ಅತ್ತೆಯ ಬುತ್ತಿಯ ಮೇಲೆ ಹಾರಿ ಹೋಯಿತು. ಮೊಲಕ್ಕೆ ಮನುಷ್ಯರ ಹೆದರಿಕೆ ಇಲ್ಲವಾಯಿತೆಂದರೆ, ಹಿಂದೆ ಬರುತ್ತಿರುವುದು ಇನ್ನೇನಿರಬೇಕು!

'ರಸ್ತೆಗೆ ಓಡೋಣ ಅತ್ತೆ!' ಎಂದು ಅವರ ಕೈ ಹಿಡಿದು ಬಂದ ಕಾಲುದಾರಿಯತ್ತ ಎಳೆದೆ. ಗಾಡಿ ಇರುವುದು ಅಲ್ಲಿ, ಜನ ಇರುವುದು ಅಲ್ಲಿ. ಬಿ.ಎ. ಓದಿದ ತಲೆಗೆ ಇದಕ್ಕಿಂತ ಸರಿಯಾದ ದಾರಿ ಯಾವುದು ತೋರೀತು?

ಆಗ ದಿಬ್ಬದ ಮೇಲಿಂದ ಮಾವನ ಕೂಗು ಕೇಳಿತು. ಬಿದಿರು ಸಿಡಿಯುವ ಸದ್ದಿನ ನಡುವೆ ಒಂದೇ ಶಬ್ದ, ಮತ್ತೆ ಮತ್ತೆ.

'ಟಂಡ್ರಾ! ಟಂಡ್ರಾ! ಟಂಡ್ರಾಕ್ಕೆ ಹೋಗೇ!'

ಮಾವನಿಗೆ ಹುಚ್ಚು ಪೂರ್ತಿ ಕೆರಳಿತು ಎಂದುಕೊಂಡೆ. ಸುತ್ತ ಬೆಂಕಿ ಹತ್ತಿ ಉರಿಯುವಾಗ ಉತ್ತರ ಧ್ರುವದ ಹತ್ತಿರ ಹೋಗಿ ಎನ್ನುತ್ತಾರಲ್ಲ! ಯಾವ ರೈಲು ಹತ್ತಬೇಕು?

ಅತ್ತೆ ಗಕ್ಕನೆ ನಿಂತರು.

'ಬಚ್ಚಲ ಇಂದ್ಕೆ ಅಂತಾವ್ರೆ ಕಣೋ!'

'ಯಾವ ಬಚ್ಚಲು ಅತ್ತೆ? ಬನ್ನಿ!'

'ಲೋ, ಕೆಸರು! ಪಾಚಿ! ಅಲ್ನೋಡು!' ಎಂದವರೇ ನನ್ನ ಕೈ ಕೊಸರಿಕೊಂಡು, ತಿರುಗಿ ನನ್ನ ಷರಟಿನ ಕಾಲರನ್ನೇ ಹಿಡಿದು ಹಡ್ಲಿನ ಕಡೆಗೆ ಎಳೆದರು. ಆಳೆತ್ತರದ ಒಣಹುಲ್ಲಿನೊಳಗೆ ನುಗ್ಗುವುದೇ? ಬೆಂಕಿಗೆ ನಾವೇ ಎದುರುಹೋದಂತೆ ಅನ್ನಿಸಿ ನಾನು ಕಿರುಚಿದೆ. ಅವರು ಬಿಡಲಿಲ್ಲ. ಹುಲ್ಲು ಮುಗಿದು ಹಸಿರು ಜೊಂಡು ಸಿಕ್ಕಿತು. ಮೊಣಕಾಲಿನವರೆಗೆ ಹೂತೆವು. ಆನೆಗಳು ಹೊರಳಾಡಿ ಹೋಗಿದ್ದ ಕೆಸರುಗುಂಡಿ, ಅದರ ಅಂಚಿಗೆ ನಮ್ಮ ಬಚ್ಚಲ ಹಿಂದಿನದರಂಥದೇ ಪಾಚಿ. ಅತ್ತೆ ನನ್ನ ಕತ್ತು ಹಿಡಿದು ಅದರೊಳಗೆ ಮಲಗಿಸಿ, ಸೆರಗನ್ನು ಕೆಸರುನೀರಿನಲ್ಲಿ ಅದ್ದಿ ಇಬ್ಬರ ಮೂಗಿಗೂ ಮುಚ್ಚಿದರು.

ಬೆಂಕಿ ಹಡ್ಲಿನ ಎರಡೂ ಬದಿಗೆ ಹರಿದು ಹೋಯಿತು. ನಾವು ಹಾದುಬಂದ ಒಣಹುಲ್ಲು ಕಣ್ಣೆದುರೇ ಭಗ್ಗೆಂದು ಎದ್ದು, ಕೆಸರಿನ ಅಂಚಿಗೆ ಬಂದು, ಚುಂಯ್ ಎಂದು ಸತ್ತಿತು. ಹೊಗೆ ಒಮ್ಮೆ ಸರಿದಾಗ ತಲೆಯೆತ್ತಿ ನೋಡಿದೆ. ನಾನು ಅತ್ತೆಯನ್ನು ಎಳೆದುಕೊಂಡು ಓಡಬೇಕೆಂದಿದ್ದ ಆ ಕಾಲುದಾರಿಯ ಮೇಲೆ ಎರಡೂ ಬದಿಯ ಬಿದಿರು ಮೆಳೆಗಳು ಒಂದಕ್ಕೊಂದು ಒರಗಿ, ಕಮಾನು ಕಟ್ಟಿದಂತೆ ಉರಿಯುತ್ತಿದ್ದವು. ನೋಡಬಾರದಿತ್ತು. ಈಗಲೂ ಅತ್ತೆ ಒಗ್ಗರಣೆಗೆ ಸಾಸಿವೆ ಹಾಕಿ ಅದು ಚಟಪಟ ಎಂದಾಗ ನಾನು ಎದ್ದು ಅಂಗಳಕ್ಕೆ ಹೋಗಿಬಿಡುತ್ತೇನೆ.

ದಿಬ್ಬದ ಮೇಲಿನ ಕೂಗು ನಿಂತುಹೋಗಿತ್ತು.

ದಿಬ್ಬವೇ ಕಾಣುತ್ತಿರಲಿಲ್ಲ. ಅತ್ತೆ ಕೆಸರಿನಲ್ಲಿ ಎದ್ದುನಿಂತರು. ಗಂಡನ ಹೆಸರು ಹಿಡಿದು ಕರೆದವರಲ್ಲ ಅವರು. ಕರೆಯಲು ಬಾಯಿ ತೆರೆದರು, ಹೆಸರು ಬರಲಿಲ್ಲ. 'ರೀ!' ಎಂದರು. ಆ ಗದ್ದಲದಲ್ಲಿ ಅಷ್ಟು ಚಿಕ್ಕ ಶಬ್ದ ಎಲ್ಲಿಗೆ ಕೇಳೀತು? ನಾನೂ 'ಮಾವಾ!' ಎಂದು ಕೂಗಲು ಹೋದೆ, ಹೊಗೆ ಕುಡಿದ ಗಂಟಲಿನಿಂದ ಸ್ವರವೇ ಹೊರಡಲಿಲ್ಲ. ಆಗ ಅತ್ತೆ ಎರಡೂ ಕೈ ಬಾಯಿಗಿಟ್ಟುಕೊಂಡು, ಎದೆ ಒಡೆಯುವ ಹಾಗೆ ಕೂಗಿದರು.

'ಟಂಡ್ರಾದಲ್ಲಿದೀವಿ ಕಣ್ರೀ! ಟಂಡ್ರಾ! ಇಲ್ಲಿ! ಟಂಡ್ರಾ!'

ಎಷ್ಟು ಹೊತ್ತು ಕೂಗಿದರೋ ತಿಳಿಯದು. ಸ್ವರ ಹರಿದು ಬರಿಯ ಗಾಳಿ ಬರುವವರೆಗೂ ಕೂಗಿದರು. ಕೊನೆಗೆ ಹೊಗೆಯೊಳಗಿನಿಂದ ಒಂದು ಕಪ್ಪು ಆಕೃತಿ ಮುಗ್ಗರಿಸುತ್ತ, ಕೈಚಾಚಿಕೊಂಡು ಕುರುಡನಂತೆ ಬಂತು. ಹುಬ್ಬು ಸುಟ್ಟಿತ್ತು, ಪಂಚೆ ಅರ್ಧ ಇರಲಿಲ್ಲ. ಬೂದಿಯ ಮೇಲೆ ನಡೆದ ಅಂಗಾಲು ಬೆಂದುಹೋಗಿತ್ತು. ಬೆಂಕಿ ಬಂದಾಗ ಬಂಡೆಯೊಂದರ ಮರೆಗೆ ಬಿದ್ದುಕೊಂಡಿದ್ದರಂತೆ. ಆಮೇಲೆ ಕಣ್ಣು ಬಿಡಲಾಗದೆ, ಅತ್ತೆಯ ದನಿ ಹಿಡಿದುಕೊಂಡೇ ದಿಬ್ಬ ಇಳಿದಿದ್ದರು.

ಕೆಸರಿಗೆ ಬಿದ್ದವರು ಬೆಂದ ಅಂಗಾಲನ್ನು ಅದರೊಳಗೆ ಹೂತುಕೊಂಡು ಹೇಳಿದರು. 'ಎಲೆ ಉದುರಿಸುವ ಕಾಡು ಅಂತ ಪಾಠ ಮಾಡ್ದೆ ಕಣೇ. ಉದುರಿದ ಎಲೆ ಉರೀತದೆ ಅಂತ ಮಾತ್ರ ಯಾವತ್ತೂ ಹೇಳಿಕೊಡಲಿಲ್ಲ.'

ಬೆಂಕಿ ತಣಿದಮೇಲೆ ಗಾಡಿಯವನು ಹುಡುಕಿಕೊಂಡು ಬಂದ. ಎತ್ತು ಬೆದರಿ ಓಡಿದವಂತೆ. 'ಅವುಗಳ ಇಂದೆ ನಾನೂ ಓಡ್ದೆ ಸಾಮಿ, ಅವಕ್ಕೇ ನನಗಿಂತ ಬುದ್ಧಿ ಜಾಸ್ತಿ' ಎಂದು ಅಳುತ್ತಲೇ ಮಾವನನ್ನು ಹೊತ್ತುಕೊಂಡ. ದಾರಿಯಲ್ಲಿ ನಾನು ತಡೆಯಲಾರದೆ ಕೇಳಿದೆ. 'ಮಾವ, ಸುಮ್ಮನೆ ಕೆಸರು ಅಂತ ಕೂಗಬಾರದಿತ್ತೆ?'

'ಮೇಲಿಂದ ಹಸಿರು ತೇಪೆ ಕಾಣ್ತು ಕಣೋ. ಬಾಯಿಗೆ ಅದೇ ಬಂತು. ನಮ್ಮನೇಲಿ ಅದಕ್ಕೆ ಬೇರೆ ಹೆಸರೆಲ್ಲಿದೆ?'

ಅದೇ ಕೊನೆ. ಹುಣಸೂರಿಗೆ ಬಂದಮೇಲೆ ಮಾವನ ಬಾಯಿಂದ ಆ ಹೆಸರುಗಳು ನಿಂತವು. ಅಂಗಾಲಿನ ಗಾಯ ಮಾಗಿತು. ಮಾವ ಮಾತ್ರ ಮಾಗಲಿಲ್ಲ. ಹಳೆಯ ಶಿಷ್ಯನೊಬ್ಬ ಬಂದು, 'ಸಾರ್, ಸವನ್ನಾ ಹೇಗಿದೆ?' ಎಂದು ನಗುತ್ತ ಕೇಳಿದರೆ, 'ದನ ಮೇಯ್ತಾ ಇದೆ' ಎಂದು ಒಳಗೆ ಹೋದರು. ಹಿತ್ತಲು ಬರಿಯ ಹಿತ್ತಲಾಯಿತು. ಅಷ್ಟು ದೊಡ್ಡ ಭೂಮಂಡಲ ಒಂದೇ ವಾರದಲ್ಲಿ ಬೇಲಿಯೊಳಗಿನ ನಾಲ್ಕು ಮೂಲೆಗೆ ಇಳಿದುಬಿಟ್ಟಿತು!

ಅವರಿಗೆ ನಿದ್ದೆಯೂ ಇರಲಿಲ್ಲ. ಕಣ್ಣು ಮುಚ್ಚಿದರೆ ಬೆಂಕಿ ಬರುತ್ತದೆನ್ನುವರು. ರಾತ್ರಿ ಎಷ್ಟು ಸಲ ಏಳುತ್ತಿದ್ದರೋ, ಎದ್ದಾಗಲೆಲ್ಲ ಒಲೆಗೆ ಒಂದು ಚೊಂಬು ನೀರು. ಬೆಳಿಗ್ಗೆ ಅತ್ತೆ ಬೂದಿ ಕೆದಕಿದರೆ, ರಾತ್ರಿ ಮುಚ್ಚಿಟ್ಟ ಕೆಂಡದ ಬದಲು ಕೆಸರು! ದಿನಾ ಬೆರಣಿ ಚೂರು ಹಿಡಿದು ಪಕ್ಕದ ಮನೆಗೆ ಕೆಂಡ ಕೇಳಲು ಹೋಗಬೇಕು. 'ಏನಮ್ಮಾ, ಮೇಷ್ಟ್ರ ಒಲೆಗೂ ರಜ ಕೊಟ್ಟವ್ರಾ?' ಎಂದು ಪಕ್ಕದ ಮನೆಯಾಕೆ ಹಂಗಿಸುವಳು. ಅತ್ತೆ ನಕ್ಕು ಕೆಂಡ ತರುವರು, ಗಂಡನಿಗೆ ಮಾತ್ರ ಒಂದು ದಿನವೂ ಅನ್ನಲಿಲ್ಲ. ಅತ್ತೆಗೂ ನಿದ್ದೆ ಇರಲಿಲ್ಲ, ನನಗೂ ಇರಲಿಲ್ಲ. ಮೂವರೂ ಒಬ್ಬರಿಗೊಬ್ಬರು ನಿದ್ದೆ ಬಂದವರಂತೆ ನಟಿಸಿಕೊಂಡು ಮಲಗುತ್ತಿದ್ದೆವು.

ಭರಣಿ ಮಳೆ ಬಂದ ದಿನ. ಸಂಜೆಗೆ ಮುಂಚೆಯೇ ಕಪ್ಪು ಮೋಡ ಕವಿದು ಗಾಳಿ ಎದ್ದಿತು. ಮಾವ ಜಗಲಿಯ ಮೇಲೆ ಗೋಡೆ ನೋಡುತ್ತ ಕೂತಿದ್ದರು. ಒಳಗಿನಿಂದ ಅತ್ತೆ ಕೂಗಿದರು. 'ರೀ, ಮಳೆ ಬತ್ತಾ ಅದೆ. ಅಪ್ಪಳ ಎತ್ಕೊಂಡ್ ಬನ್ನಿ.'

'ಎಲ್ಲಿ ಹಾಕಿದೀಯ?'

'ಇತ್ಲಲ್ಲಿ.'

'ಹಿತ್ತಲಲ್ಲಿ ಎಲ್ಲಿ?'

ಅತ್ತೆ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದರು. ಅವತ್ತು ಕೂಗಿ ಒಡೆದ ಗಂಟಲು ಇನ್ನೂ ಸರಿಹೋಗಿರಲಿಲ್ಲ. ಗಂಡನ ಮುಖವನ್ನೇ ನೋಡಿ, ಒಡಕು ದನಿಯಲ್ಲಿ ಗದರಿದರು.

'ಇನ್ನೆಲ್ಲಾಕ್ತಾರೆ? ಸಹಾರಾದಲ್ಲಿ!'

ಹನಿ ಬೀಳತೊಡಗಿತು. ಮಣ್ಣಿನ ವಾಸನೆ ಎದ್ದಿತು.

'ಸಹಾರಾದಲ್ಲಿ ಮಳೆ ಬರಲ್ಲ ಕಣೇ' ಎಂದರು ಮಾವ, ಬಹಳ ಮೆತ್ತಗೆ.

'ನಿಮ್ ಸಹಾರಾದಲ್ಲಿ ಬತ್ತದೆ! ಎದ್ದೋಗಿ!'

ಎದ್ದರು. ಹುಬ್ಬಿಲ್ಲದ ಮುಖದಲ್ಲಿ ನಗುವೋ ಅಳುವೋ ಗೊತ್ತಾಗದಂತೆ, ಇನ್ನೂ ಕುಂಟುತ್ತಿದ್ದ ಕಾಲಿನಲ್ಲೇ ಹಿತ್ತಲಿಗೆ ಓಡಿದರು. ಅಲ್ಲಿಂದ ಕೂಗು ಕೇಳಿತು. 'ಲೇ, ಸವನ್ನಾ ಪೂರ್ತಿ ನೆನೀತು ಕಣೇ! ಟಂಡ್ರಾ ಉಕ್ಕಿ ಹರೀತಾ ಇದೆ!'

ಅತ್ತೆ ಬಾಗಿಲ ಚೌಕಟ್ಟಿಗೆ ಒರಗಿ ಸೆರಗಿನಿಂದ ಕಣ್ಣು ಒತ್ತಿಕೊಂಡರು. ನೀರಾವರಿ ಪ್ರದೇಶ, ಏನು ಮಾಡುವುದು!

ಅವತ್ತು ನಾವು ಮಲಗಿದ್ದೊಂದೇ ನನಗೆ ನೆನಪು. ಕಣ್ಣು ಬಿಟ್ಟಾಗ ಬೆಳಗಾಗಿತ್ತು. ಅಡುಗೆಮನೆಯಲ್ಲಿ ಅತ್ತೆ ಒಲೆಯ ಬೂದಿ ಕೆದಕಿ, ನನ್ನನ್ನು ಕೈಸನ್ನೆ ಮಾಡಿ ಕರೆದರು. ಬೂದಿಯಡಿ ಕೆಂಡ ಹಾಗೇ ಇತ್ತು, ಕೆಂಪಗೆ. ನಡುಮನೆಯಲ್ಲಿ ಮಾವ ಇನ್ನೂ ಗೊರಕೆ ಹೊಡೆಯುತ್ತಿದ್ದರು.

'ಏಳಿಸ್ಬ್ಯಾಡ' ಎಂದರು ಅತ್ತೆ.