ದಲ್ಲಾಳಿಯ ಮಗನ ಮುಖ

ನನ್ನ ಮುಖದ ಬಗ್ಗೆ ನನಗೆ ಯಾವ ದೂರೂ ಇಲ್ಲ. ದೂರಿರುವುದು ಅದನ್ನು ನೋಡುವವರಿಗೆ. ಸಂತೋಷವಾದಾಗ ಅರಳಬೇಕು, ದುಃಖವಾದಾಗ ಬಾಡಬೇಕು ಎಂಬ ಸಾಮಾನ್ಯ ಶಿಷ್ಟಾಚಾರ ಅದಕ್ಕೆ ಬರಲೇ ಇಲ್ಲ. ಮದುವೆಮನೆಯಲ್ಲಿ ಕಂಡವರು ಊಟ ಸರಿಹೋಗಲಿಲ್ಲವೇ ಎಂದು ವಿಚಾರಿಸುತ್ತಾರೆ. ನನ್ನ ಸೋದರಮಾವ ತೀರಿಕೊಂಡಾಗ, ಇವನೊಬ್ಬನೇ ಧೈರ್ಯವಾಗಿರುವುದು ಎಂದು ಓಡಾಟದ ಕೆಲಸವನ್ನೆಲ್ಲ ನನಗೇ ಒಪ್ಪಿಸಿದರು. ಒಳಗೊಳಗೇ ನಾನು ಎಲ್ಲರಿಗಿಂತ ಹೆಚ್ಚು ಅಳುತ್ತಿದ್ದೆ.

ತಪ್ಪು ನಮ್ಮಪ್ಪನದು. ಅವರು ಹಗರೆಯ ಸುತ್ತಮುತ್ತ ದನದ ವ್ಯಾಪಾರದ ದಲ್ಲಾಳಿ. ಬೆಲೆಯ ಮಾತೆಲ್ಲ ಟವೆಲ್ಲಿನ ಕೆಳಗೆ, ಒಬ್ಬರ ಬೆರಳು ಒಬ್ಬರು ಹಿಡಿದೇ ನಡೆಯುತ್ತಿತ್ತು. ಮೇಲಿನ ಮುಖಗಳು ಮಾತ್ರ ಬಸ್ಸಿಗೆ ಕಾಯುವವರಂತೆ ಸುಮ್ಮನಿರಬೇಕು. ಚಿಕ್ಕವನಾಗಿದ್ದಾಗ ಒಮ್ಮೆ, ಅಪ್ಪ ಕೊಳ್ಳುವವರ ಪರವಾಗಿ ಕೂತಿದ್ದಾಗ, ಎದುರಿಗಿದ್ದ ಜೋಡೆತ್ತು ಕಂಡು ನಾನು ಬಾಯ್ತುಂಬ ನಕ್ಕುಬಿಟ್ಟೆ. ಮಾರುವವನು ನನ್ನ ಮುಖ ನೋಡಿದ, ಈ ಬೆಲೆ ಸಾಲದೆಂದು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದುಹೋದ. ದಾರಿಯಲ್ಲಿ ಅಪ್ಪ, "ಮನ್ಸಲ್ಲಿರೋದು ಮೊಖದ ಮ್ಯಾಲೆ ಬಂದ್ರೆ ಕೆಟ್ಟೆ ಕಣ್ಲಾ" ಎಂದರು. ಅಂದಿನಿಂದ ಬರಲಿಲ್ಲ. ಅರಸೀಕೆರೆಯ ಕಚೇರಿಯೊಂದರಲ್ಲಿ ಗುಮಾಸ್ತನಾದ ಮೇಲೆ ಅದು ಅನುಕೂಲವೇ ಆಯಿತು. ಬೈದ ಸಾಹೇಬರೇ ಸುಸ್ತಾಗಿ ಸುಮ್ಮನಾಗುತ್ತಾರೆ. ಸಂಸಾರಕ್ಕೆ ಮಾತ್ರ ಒಗ್ಗಲಿಲ್ಲ.

ಮೊನ್ನೆ ನನ್ನ ಹೆಂಡತಿ ಸುಜಾತಳಿಗೆ ಮುಖ್ಯೋಪಾಧ್ಯಾಯಿನಿಯಾಗಿ ಬಡ್ತಿ ಬಂತು. ಶಾಲೆ ಇರುವುದು ಅರೇಹಳ್ಳಿಯ ಕಡೆ. ಹಳೇಬೀಡು, ಬೇಲೂರು ಎರಡನ್ನೂ ದಾಟಿ ಹೋಗಬೇಕು. ದಿನಾ ಓಡಾಡುವ ದೂರವಲ್ಲ, ವಾರವಿಡೀ ಅಲ್ಲೇ ರೂಮು. ಸೋಮವಾರದೊಳಗೆ ಒಪ್ಪಿಗೆ ತಿಳಿಸಬೇಕು. ಚಪಾತಿ ಬೇಯಿಸುತ್ತ, ಏನು ಮಾಡಲಿ ಎಂದು ಕೇಳಿದಳು. ನನಗೆ ಅವಳು ಹೋಗುವುದು ಇಷ್ಟವಿರಲಿಲ್ಲ. ಬೇಡವೆಂದರೆ ಅವಳ ಬಡ್ತಿಗೆ ಕಲ್ಲು ಹಾಕಿದಂತೆ, ಹೋಗು ಎಂದರೆ ಸಾಗಹಾಕಿದಂತೆ. ನೀನು ಹೇಗೆ ಹೇಳಿದರೆ ಹಾಗೆ ಎಂದೆ. ಅವಳು ಬಹಳ ಹೊತ್ತು ನನ್ನ ಮುಖವನ್ನೇ ನೋಡಿದಳು. ಅಲ್ಲಿ ಏನು ಸಿಗಬೇಕು? ಹೆಂಚಿನ ಮೇಲೆ ಚಪಾತಿ ಸೀದುಹೋಯಿತು. ಆಮೇಲೆ ಎರಡು ದಿನ ಮಾತಿಲ್ಲ. ಅವಳಿಗೆ ಹೋಗುವ ಆಸೆಯೋ, ನಾನು ತಡೆಯಲಿ ಎಂಬ ಆಸೆಯೋ, ನನಗೆ ಬಗೆಹರಿಯಲಿಲ್ಲ. ನನ್ನ ಮುಖ ಮೂಕವಾದರೆ ಸರಿ, ಅವಳ ಮುಖವೂ ನನಗೆ ಓದಲು ಬರುವುದಿಲ್ಲವಲ್ಲ ಎಂದು ಹೆದರಿದೆ.

ಶನಿವಾರ ಸುಜಾತಳ ತಂಗಿಯ ಮಗಳು ಸಿಂಧು ಬಂದಳು. ಮನಶ್ಶಾಸ್ತ್ರದ ಎಂ.ಎ. ಓದುತ್ತಿದ್ದಾಳೆ. ಮನುಷ್ಯರು ತಮ್ಮ ಭಾವನೆಗಳನ್ನು ಮುಖದಲ್ಲಿ ಹೇಗೆ ತಿಳಿಸುತ್ತಾರೆ, ನೋಡಿದವರು ಹೇಗೆ ತಿಳಿದುಕೊಳ್ಳುತ್ತಾರೆ ಎಂಬುದು ಅವಳ ಪ್ರಾಜೆಕ್ಟು. ಒಂದು ಕಂತೆ ಮುಖಗಳ ಫೋಟೋ ಕೊಟ್ಟು, ಪ್ರತಿಯೊಂದರ ಭಾವನೆ ಬರೆಯಿರಿ ಎಂದಳು. ಅಸಹ್ಯಪಟ್ಟ ಹೆಂಗಸಿಗೆ ನಾನು ಹಲ್ಲುನೋವು ಎಂದು ಬರೆದೆ. ಹೆದರಿದವನಿಗೆ, ಆಡಿಟ್ ಇದೆ ಎಂದು ಬರೆದೆ. ಹಲ್ಲುನೋವು ಭಾವನೆಯಲ್ಲ ಎಂದು ಅವಳು ತಿದ್ದಿದಳು. ನಿನಗೆ ಇನ್ನೂ ಬಂದಿಲ್ಲ ಎಂದೆ.

ಆಮೇಲೆ ಫೋನ್ ಹಿಡಿದು ನನ್ನನ್ನೇ ಕೂರಿಸಿದಳು. ಸಂತೋಷ, ಕೋಪ, ಭಯ, ಒಂದೊಂದನ್ನೂ ಬೆವರು ಬರುವಷ್ಟು ಶ್ರದ್ಧೆಯಿಂದ ಮಾಡಿದೆ. ಮೂರರಲ್ಲೂ ಆಧಾರ್ ಕಾರ್ಡಿನವನೇ ಕೂತಿದ್ದ. ಕೊನೆಗೆ ದುಃಖ. "ದೊಡ್ಡಪ್ಪ, ದೊಡ್ಡಮ್ಮ ಅರೇಹಳ್ಳಿಗೆ ಹೋಗಿದಾರೆ, ನೀವು ಸಂಜೆ ಬಂದು ಮನೆ ಬೀಗ ತೆಗೀತಿದೀರ ಅಂದ್ಕೊಳ್ಳಿ" ಎಂದಳು. ನಾನು ಏನೂ ಮಾಡಲಿಲ್ಲ. ಬೀಗ ಮಾತ್ರ ಕಣ್ಣಿಗೆ ಕಟ್ಟಿತು. ಅವಳು ತೆಗೆದ ಫೋಟೋ ನನಗೇನೋ ಹಿಂದಿನ ಮೂರರಂತೆಯೇ ಕಂಡಿತು.

ಸಿಂಧು ಆ ನಾಲ್ಕನ್ನೂ ಸುಜಾತಳಿಗೆ ತೋರಿಸಿದಳು. ಅವಳು ಸೆರಗಿಗೆ ಕೈ ಒರೆಸಿಕೊಂಡು, ಮೊದಲ ಮೂರಕ್ಕೂ ಇದು ಫೋಟೋಗೆ ಕೂತ ಮುಖ ಎಂದು ತಳ್ಳಿಹಾಕಿದಳು. ನಾಲ್ಕನೆಯದರ ಬಳಿ ನಿಂತಳು. ಕಣ್ಣು ತುಂಬಿಕೊಂಡಿತು.

"ಇದನ್ನ ಬಾಯಿಬಿಟ್ಟು ಹೇಳೋಕೆ ಏನಾಗಿತ್ತು ನಿಮಗೆ?"

ಗೆದ್ದೆ ಎಂದುಕೊಂಡೆ. ಇವಳು ಇನ್ನು ಹೋಗುವುದಿಲ್ಲ. ಎಷ್ಟೋ ವರ್ಷಗಳ ಮೇಲೆ ನನ್ನ ತುಟಿ ತಾನಾಗಿ ಅಲುಗಿದಂತಾಯಿತು.

"ನಾನು ಇದ್ರೂ ಒಂದೇ ಇಲ್ದಿದ್ರೂ ಒಂದೇ ಅನ್ನೋರನ್ನ ಬಿಟ್ಟು ಹೋಗೋಕೆ ಮನಸ್ಸೇ ಬರ್ತಿರ್ಲಿಲ್ಲ ರೀ. ಹೋದ್ರೆ ಪೂರ್ತಿ ಬಿಟ್ಟು ಹೋದ ಹಾಗೇ ಆಗ್ಬಿಡುತ್ತೆ ಅಂತ ಭಯ. ಈಗ ಕಾಯೋರಿದಾರೆ ಅಂತ ಗೊತ್ತಾಯ್ತು, ನೆಮ್ಮದಿಯಾಗಿ ಹೋಗ್ತೀನಿ" ಎಂದು ಅವಳು ಅಟ್ಟದ ಮೇಲಿನ ಸೂಟ್‌ಕೇಸು ಇಳಿಸಲು ಸ್ಟೂಲು ಹುಡುಕಿದಳು.

ನಾನು ನಡುಮನೆಯಲ್ಲಿ ನಿಂತುಬಿಟ್ಟೆ. ದುಃಖ ಕಾಣದಿದ್ದಾಗ ಉಳಿಯುವವಳಿದ್ದಳು, ಕಂಡಿದ್ದಕ್ಕೆ ಹೊರಟಳು. ಕೊನೆಗೂ ಒಬ್ಬರಿಗೆ ಅರ್ಥವಾದೆನೆಂದು ಹಿಗ್ಗಬೇಕೋ, ಹಾಳಾದ ಮುಖ ಒಂದೇ ಒಂದು ಸಲ ಬಾಯಿಬಿಟ್ಟು ಮನೆ ಖಾಲಿ ಮಾಡಿಸಿತೆಂದು ಗೋಳಾಡಬೇಕೋ, ತಿಳಿಯಲಿಲ್ಲ. ಅಷ್ಟರಲ್ಲಿ ಸಿಂಧು ಮತ್ತೊಂದು ಫೋಟೋ ತೆಗೆದು, ಇದಂತೂ ಬಹಳ ಚೆನ್ನಾಗಿ ಬಂದಿದೆ, ಯಾವ ಭಾವನೆ ಎಂದು ಬರೆದುಕೊಳ್ಳಲಿ ಎಂದು ಕೇಳಿದಳು.

"ಹೊರಡೋದ್ರೊಳಗೆ ದೊಡ್ಡಮ್ಮನ್ನೇ ಕೇಳ್ಕೊಂಬಿಡಮ್ಮ" ಎಂದೆ. "ಆಮೇಲೆ ಈ ಮನೇಲಿ ಹೇಳೋರು ಯಾರೂ ಇರಲ್ಲ."